ಹದಿನೇಳನೆಯ ಬಾವಿ

ಟೈಪ್ ಮಾಡುವವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ಪಟ್ಟಿಯಲ್ಲಿ ಒಂದು ಕಾಲಂ ಖಾಲಿ ಬಿದ್ದಿದ್ದರೆ ಅದನ್ನು ತುಂಬಿಸುವವರೆಗೆ ನಮಗೆ ಸಮಾಧಾನವಿಲ್ಲ. ಹಲ್ಲು ಬಿದ್ದ ಬಾಯಿಯ ಹಾಗೆ ಅದು ನಮ್ಮನ್ನೇ ನೋಡುತ್ತಿರುತ್ತದೆ. ಬನ್ನಂಜೆಯ ಉಮಾನಾಥನಾದ ನಾನು ಇಪ್ಪತ್ತು ವರ್ಷ ಈ ಕೆಲಸ ಮಾಡಿದವನು. ಈ ಚಾಳಿಯಿಂದ ಲಿಡ್ವಿನ್ ಫುರ್ಟಾಡೊ ಎಂಬ ಹೆಂಗಸಿಗೆ ನಾನು ಮಾಡಿದ ಅನ್ಯಾಯವನ್ನು ಬರೆದಿಡಬೇಕು ಎಂದು ಕುಳಿತಿದ್ದೇನೆ. ಅವಳ ಬಗ್ಗೆ ಬರೆಯುವವರು ಬೇರೆ ಯಾರೂ ಇಲ್ಲ. ಅವಳು ಚುನಾವಣೆಗೆ ನಿಂತವಳಲ್ಲ, ಪೇಪರಿನಲ್ಲಿ ಫೋಟೊ ಬಂದವಳೂ ಅಲ್ಲ. ಊರೂರು ತಿರುಗಿ ಬಾಟ್ಲಿಯಲ್ಲಿ ಬಾವಿಯ ನೀರು ತುಂಬಿಸಿಕೊಂಡು ಬರುತ್ತಿದ್ದವಳು.

ಎಂಬತ್ತಾರನೆಯ ಇಸವಿ. ಕಾಪುವಿನ ದೀಪಸ್ತಂಭದಿಂದ ದಕ್ಷಿಣಕ್ಕೆ, ಕಡಲಬೈಲು ಎಂಬಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ದೊಡ್ಡ ಸ್ಥಾವರ ಬರುತ್ತದೆ ಎಂದು ಸುದ್ದಿಯಾಗಿತ್ತು. ಅಂಥದ್ದಕ್ಕೆ ಸರಕಾರದ ಪರವಾನಗಿ ಸಿಗಬೇಕಾದರೆ, ಒಂದು ಕಲ್ಲು ಇಡುವ ಮೊದಲೇ ಆ ಊರಿನ ಗಾಳಿ, ನೀರು, ಮೀನು, ಮರ ಹೇಗಿವೆ ಎಂದು ಒಂದು ವರ್ಷ ಅಳೆದು ವರದಿ ಕೊಡಬೇಕು. ವರದಿ ಮಾಡುವ ಗುತ್ತಿಗೆ ಮದ್ರಾಸಿನ ಒಂದು ಕಂಪೆನಿಗೆ ಸಿಕ್ಕಿತ್ತು. ಅವರು ಮಣಿಪಾಲದಲ್ಲಿ ಒಂದು ಚಪ್ಪಲಿ ಅಂಗಡಿಯ ಮೇಲೆ ಎರಡು ಕೋಣೆ ಬಾಡಿಗೆಗೆ ಹಿಡಿದರು. ಒಂದರಲ್ಲಿ ನಾನು, ನನ್ನ ಟೈಪ್‌ರೈಟರ್, ಮತ್ತು ನಮ್ಮಿಬ್ಬರ ಮೇಲಿನವರಾದ ಇಂಜಿನಿಯರ್ ಡೊಮಿನಿಕ್ ಸರ್. ಇನ್ನೊಂದರಲ್ಲಿ ಗಾಜಿನ ನಳಿಗೆಗಳ ನಡುವೆ ಲಿಡ್ವಿನ್.

ಅವಳು ಕಲ್ಯಾಣಪುರದವಳು, ಬಿ.ಎಸ್ಸಿ. ಮಾಡಿದ್ದಳು. ಆಗ ಮೂವತ್ತೆರಡು ದಾಟಿತ್ತು, ಮದುವೆಯಾಗಿರಲಿಲ್ಲ. ಅಪ್ಪ ಅಮ್ಮ ತೀರಿಕೊಂಡಿದ್ದರು. ಅಣ್ಣ ಬಹರೈನಿನಲ್ಲಿ, ಮನೆ ಅತ್ತಿಗೆ ಇಮೆಲ್ಡಾಳ ಕೈಯಲ್ಲಿ. ತನ್ನ ಮಂಚದ ಮೇಲೆ ಅತ್ತಿಗೆಯ ತಂಗಿ ಮಲಗತೊಡಗಿದ ಮೇಲೆ ಲಿಡ್ವಿನ್ ಪರ್ಕಳದಲ್ಲಿ ಒಂದು ಕೋಣೆ ಹಿಡಿದಳು. ಭಾನುವಾರ ಬಸ್ಸು ಹತ್ತಿ ಕಲ್ಯಾಣಪುರದ ಇಗರ್ಜಿಗೆ ಹೋಗುವುದು, ಪೂಜೆ ಮುಗಿದ ಮೇಲೆ ಅಪ್ಪ ಅಮ್ಮನ ಗೋರಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲುವುದು, ಮತ್ತೆ ಬಸ್ಸು. ಅತ್ತಿಗೆ ಊಟಕ್ಕೆ ಕರೆದರೆ ಹೋಗುತ್ತಿದ್ದಳೋ ಏನೋ. ಅವರು ಕರೆಯುತ್ತಿರಲಿಲ್ಲ.

"ಒಬ್ಬಳಿಗೇ ಅಡುಗೆ ಮಾಡುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ ಉಮಾನಾಥರೇ," ಎಂದು ಒಂದು ದಿನ ಹೇಳಿದ್ದಳು. "ಬಂಗುಡೆ ಒಂದೇ ಒಂದು ಕೊಡಿ ಅಂದರೆ ಮೀನಿನವಳು ನಗುತ್ತಾಳೆ. ನಾಲ್ಕು ತೆಗೆದುಕೊಂಡರೆ ಮೂರು ದಿನ ಅದೇ ಸಾರು."

ನಾನು ನಕ್ಕೆ. ನಗುವುದಕ್ಕೆ ನನಗೇನು ಅಧಿಕಾರವಿತ್ತೋ! ನಲವತ್ತು ದಾಟಿದರೂ ಅಣ್ಣನ ಮನೆಯಲ್ಲಿ ಅತ್ತಿಗೆ ಬಡಿಸಿದಷ್ಟು ಉಂಡು ಏಳುವ ಬ್ರಹ್ಮಚಾರಿ ನಾನು. ಇದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ನನಗೆ ಅವಳೆಂದರೆ ಇಷ್ಟವಿತ್ತು. ಜಾತಿ ಬೇರೆ, ದೇವರು ಬೇರೆ, ನನಗೆ ಧೈರ್ಯವೂ ಇಲ್ಲ. ಹೇಳಲಿಲ್ಲ.

ಅವಳ ಪಾಲಿಗೆ ಇಪ್ಪತ್ತನಾಲ್ಕು ಬಾವಿಗಳು. ಪ್ರತಿ ತಿಂಗಳ ಮೊದಲ ವಾರದಲ್ಲಿ ಎರಡು ದಿನ, ಹೆಗಲಿಗೊಂದು ಕ್ಯಾನ್ವಾಸಿನ ಚೀಲ, ಅದರೊಳಗೆ ನಂಬರ್ ಹಾಕಿದ ಬಾಟ್ಲಿಗಳು, ಕೈಯಲ್ಲಿ ಕೊಡೆ. ಉಡುಪಿಗೆ ಒಂದು ಬಸ್ಸು, ಕಾಪುವಿಗೆ ಇನ್ನೊಂದು, ಆಮೇಲೆ ಕಡಲ ದಡದ ಹೊಯಿಗೆಯಲ್ಲಿ ನಡಿಗೆ. ಮರುದಿನ ಬಂದು ಆ ನೀರಿನಲ್ಲಿ ಎಷ್ಟು ಉಪ್ಪು, ಎಷ್ಟು ಗಡಸು ಎಂದು ಪರೀಕ್ಷೆ ಮಾಡುತ್ತಿದ್ದಳು. ಹಳದಿ ಮಾಡಿದ ನೀರಿಗೆ ಬೆಳ್ಳಿಯ ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟು, ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ ಕ್ಷಣ ನಿಲ್ಲಿಸಬೇಕು. ಆಗ ಬಾಗಿಲಲ್ಲಿ ಯಾರಾದರೂ ಕೆಮ್ಮಿದರೂ ಅವಳಿಗೆ ಸಿಟ್ಟು ಬರುತ್ತಿತ್ತು.

ಮದ್ರಾಸಿನ ನಿಯಮದ ಪ್ರಕಾರ ನೀರನ್ನು ಬಾವಿಯಿಂದ ಅವಳೇ ಸೇದಬೇಕು. 'ಸ್ವತಃ ಸೇದಿದ್ದು' ಎಂದು ಒಂದೊಂದು ಬಾವಿಯ ಫಾರಮಿಗೂ ಸಹಿ ಹಾಕಬೇಕು. ನಿಯಮ ಬರೆದ ಮಹಾನುಭಾವರಿಗೆ ನಮ್ಮ ಬಾವಿಕಟ್ಟೆಯ ಕಾನೂನು ಗೊತ್ತಿರಲಿಲ್ಲ. ಕಿರಿಸ್ತಾನರ ಹುಡುಗಿ ಹಗ್ಗ ಮುಟ್ಟುವುದು ಕೆಲವು ಮನೆಗಳಿಗೆ ಆಗದು. ಹಾಗೆಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನಮ್ಮದು ಮರ್ಯಾದೆಯ ಊರು. "ನಿಮಗೆ ಯಾಕೆ ತೊಂದರೆ ಬಾಯಮ್ಮ, ನಾವೇ ಎಳೆದು ಕೊಡುತ್ತೇವೆ," ಎಂದು ಹೇಳಿ, ಬಾಟ್ಲಿಯನ್ನು ಅಂಗಳದಲ್ಲಿ ಇಡಿಸಿ, ಮೇಲಿನಿಂದ ನೀರು ಹೊಯ್ದು ಕೊಡುತ್ತಿದ್ದರು. ಲಿಡ್ವಿನ್ ನಕ್ಕು ಥ್ಯಾಂಕ್ಸ್ ಹೇಳಿ, ಅಂಗಳದಲ್ಲೇ ಕೊಡೆಯ ನೆರಳಿನಲ್ಲಿ ಫಾರಮ್ ತುಂಬಿಸಿ, ಮುಂದಿನ ಮನೆಗೆ ನಡೆಯುತ್ತಿದ್ದಳು. ಸೇದಿದ್ದು ಯಾರಾದರೇನು, ನೀರು ಆ ಬಾವಿಯದ್ದೇ ಅಲ್ಲವೇ ಎಂದು ಅವಳೂ ಅಂದುಕೊಂಡಳು, ನಾನೂ ಅಂದುಕೊಂಡೆ.

ಒಂದು ಮನೆಯಲ್ಲಿ ಮಾತ್ರ ಕಥೆ ಬೇರೆ. ಹದಿನೇಳನೆಯ ಬಾವಿ, ಸಮುದ್ರದ ಸದ್ದು ಕೇಳುವಷ್ಟು ಹತ್ತಿರದ ಮನೆ. ಮನೆಯಾಕೆ ಸುಗಂಧಿ, ನಲವತ್ತರ ಹತ್ತಿರದ ಹೆಂಗಸು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವವಳು. ಗಂಡ ಬೊಂಬಾಯಿಯ ಹೋಟೆಲಿನಲ್ಲಿ, ವರ್ಷಕ್ಕೊಮ್ಮೆ ಮುಖ ತೋರಿಸುತ್ತಿದ್ದ. ಮನೆಯಲ್ಲಿ ಅವಳ ಮುದಿ ತಾಯಿ, ಮತ್ತು ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದ ತಮ್ಮ ವಿಠಲ. ಮೊದಲ ಸಲ ಲಿಡ್ವಿನ್ ಹೋದಾಗ ಜೂನ್ ತಿಂಗಳ ಮಳೆ. ಕೊಡೆ ಮಗುಚಿ, ಸೀರೆ ಮೈಗಂಟಿ, ಚೀಲವನ್ನು ಎದೆಗಪ್ಪಿಕೊಂಡು ನಿಂತವಳನ್ನು ಸುಗಂಧಿ ಕೈ ಹಿಡಿದು ಸೀದಾ ಅಡುಗೆಮನೆಗೆ ಎಳೆದುಕೊಂಡು ಹೋದಳು. ತಲೆ ಒರೆಸಿಕೊಳ್ಳಲು ಬೈರಾಸು ಕೊಟ್ಟಳು. ಬಿಸಿ ಗಂಜಿ, ಒಣಮೀನಿನ ಚಟ್ನಿ.

ಆವತ್ತಿನಿಂದ ಲಿಡ್ವಿನ್ ಹದಿನೇಳನೆಯ ಬಾವಿಯನ್ನು ಕಡೆಗೆ ಇಟ್ಟುಕೊಂಡಳು. ನಾಲ್ಕು ಗಂಟೆಗೆ ಅಲ್ಲಿ ಮುಟ್ಟಿದರೆ ಕಡೆಯ ಬಸ್ಸಿನವರೆಗೆ ಸಮಯ ಸಿಗುತ್ತಿತ್ತು. ಒಲೆಯ ಹತ್ತಿರ ಕುಳಿತು ಸುಗಂಧಿಯ ಜೊತೆ ಬೀಡಿ ಎಲೆ ಕತ್ತರಿಸುವುದನ್ನು ಕಲಿತಳು. ಸುಗಂಧಿ ಅವಳನ್ನು ಎಗ್ಗಿಲ್ಲದೆ ಬೈಯುತ್ತಿದ್ದಳಂತೆ. "ಎಂತ ನಿನ್ನ ತಲೆ ಮಾರಾಯ್ತಿ, ಎಣ್ಣೆ ಕಾಣದೆ ಎಷ್ಟು ಕಾಲವಾಯಿತು?" ಎಂದು ಜಡೆ ಬಿಚ್ಚಿ ಎಣ್ಣೆ ಹಚ್ಚಿದ ಮರುದಿನ, ಲಿಡ್ವಿನ್ ಆಫೀಸಿಗೆ ಬಂದು ಕಿಟಕಿಯ ಹತ್ತಿರ ನಿಂತಿದ್ದಳು.

"ಅಮ್ಮ ಹೋದ ಮೇಲೆ ನನ್ನ ತಲೆ ಯಾರೂ ಮುಟ್ಟಿರಲಿಲ್ಲ," ಅಂದಳು. "ತಿಂಗಳಿಗೆ ಒಂದು ದಿನ ನನ್ನನ್ನು ಬೈಯಲಿಕ್ಕೆ ಒಬ್ಬರು ಇದ್ದಾರೆ ನೋಡಿ."

ಅವಳಿಗೆ ಇದ್ದದ್ದು ಅದೊಂದೇ ಮನೆ. ಇದನ್ನು ಓದುವವರು ಮರೆಯಬಾರದು.

ಎಂಬತ್ತೇಳರ ಮೇ ತಿಂಗಳ ಮೊದಲ ದಿನಗಳು. ನಾನು ಅಲ್ಲಿಯವರೆಗಿನ ಅಂಕಿಗಳನ್ನು ದೊಡ್ಡ ಪಟ್ಟಿಯಾಗಿ ಟೈಪ್ ಮಾಡುತ್ತಿದ್ದೆ. ಹದಿನಾರು, ಹದಿನೇಳನೆಯ ಬಾವಿಗಳ ಸಾಲಿಗೆ ಬಂದಾಗ ಕೈ ನಿಂತಿತು. ಫೆಬ್ರವರಿಯಲ್ಲಿ ಎರಡಕ್ಕೂ ಉಪ್ಪಿನ ಅಂಶ ಲೀಟರಿಗೆ ಮೂವತ್ತೆಂಟು ಮಿಲಿಗ್ರಾಂ. ಮಾರ್ಚಿನಲ್ಲಿ ಎರಡಕ್ಕೂ ನಲವತ್ತೆರಡು. ಏಪ್ರಿಲಿನಲ್ಲಿ ಎರಡಕ್ಕೂ ನಲವತ್ತಾರು. ಗಡಸುತನವೂ ತದ್ರೂಪ, ಅವಳಿಜವಳಿ ಮಕ್ಕಳ ಹಾಗೆ.

"ಮೇಡಂ, ನಾನು ಒಂದೇ ಸಾಲನ್ನು ಎರಡು ಸರ್ತಿ ಹೊಡೆದೆನಾ ಎಂದು ನೋಡಿ," ಎಂದು ಕರೆದೆ.

ಲಿಡ್ವಿನ್ ತನ್ನ ಪುಸ್ತಕ ತಂದು ಹೋಲಿಸಿದಳು. ನನ್ನ ತಪ್ಪು ಇರಲಿಲ್ಲ. ಅವಳು ಬೆರಳನ್ನು ಆ ಸಾಲಿನ ಮೇಲೆ ಇಟ್ಟಳು.

"ಹದಿನಾರು ಪಕ್ಕದ ಮೂಡುಮನೆಯ ಬಾವಿ," ಅಂದಳು. "ಫೆಬ್ರವರಿಯಿಂದ ನಾನು ಹೋಗುವಾಗ ಸುಗಂಧಿಯಕ್ಕ ಕೊಡಪಾನದಲ್ಲಿ ನೀರು ತುಂಬಿಸಿ ಇಟ್ಟಿರುತ್ತಾಳೆ. 'ಬಿಸಿಲಲ್ಲಿ ಬಂದಿದ್ದಿ, ನೀನು ಕೂತುಕೋ' ಅಂತ ಅವಳೇ ಬಾಟ್ಲಿಗೆ ಹೊಯ್ಯುತ್ತಾಳೆ. ಅದು ಅವಳ ಬಾವಿಯದ್ದಲ್ಲ."

ಯಾಕೆ ಎಂದು ನಾನು ಕೇಳಬೇಕಾಗಿರಲಿಲ್ಲ. ನಾನೂ ಈ ಕರಾವಳಿಯಲ್ಲೇ ಹುಟ್ಟಿದವನು. ಮನೆಗೆ ಬಂದವರಿಗೆ ಬೆಲ್ಲ, ನೀರು ಕೊಡುವುದು ನಮ್ಮ ಪದ್ಧತಿ. ಬಂದವರ ಕೈಗೆ ಉಪ್ಪು ನೀರು ಕೊಡುವುದೆಂದರೆ ಮುಖಕ್ಕೆ ಹೊಡೆದ ಹಾಗೆ. ಕೇಳಿದ್ದು ಕುಡಿಯುವುದಕ್ಕೋ ಬಾಟ್ಲಿಗೋ ಎಂದು ಯಾರು ನೋಡುತ್ತಾರೆ? ಅದರ ಜೊತೆಗೆ ಇನ್ನೊಂದು ವಿಷಯವಿತ್ತು. ವಿಠಲನಿಗೆ ಕಾರ್ಕಳದ ಕಡೆಯ ಒಂದು ಹುಡುಗಿಯನ್ನು ನೋಡಿ ಮಾತುಕತೆ ನಡೆದಿತ್ತು. ಘಟ್ಟದ ಬುಡದ ಆ ಊರಿನಲ್ಲಿ ಸಿಹಿನೀರಿಗೆ ಬರವಿಲ್ಲ. ಹೆಣ್ಣು ಕೊಡುವವರು ಹುಡುಗನ ಸಂಬಳಕ್ಕಿಂತ ಮೊದಲು ಕೇಳುವುದು, ಮನೆಯ ಬಾವಿ ಹೇಗೆ, ನಮ್ಮ ಹುಡುಗಿ ಬೇಸಗೆಯಲ್ಲಿ ಕೊಡ ಹೊತ್ತು ಪರರ ಮನೆಗೆ ಹೋಗಬೇಕಾ ಎಂದು. ಸುಗಂಧಿ ಸಿಹಿ ಎಂದು ಹೇಳಿಬಿಟ್ಟಿದ್ದಳು. ನಸುಕಿನಲ್ಲೇ ಮೂಡುಮನೆಯಿಂದ ಹೊತ್ತು ತರುತ್ತಿದ್ದಳು.

"ಬಿಟ್ಟುಬಿಡಿ ಮೇಡಂ," ಎಂದೆ. "ಒಂದು ಬಾವಿಯಿಂದ ಎಂತ ಆಗುತ್ತದೆ?"

"ಒಂದೇ ಬಾವಿ ಅಂತ ಯಾರು ಹೇಳಿದ್ದು? ಎಷ್ಟು ಮನೆಯಲ್ಲಿ ನನಗೆ ಕೈಯಿಂದ ಕೊಟ್ಟಿದ್ದಾರೆ! ಡೊಮಿನಿಕ್ ಸರ್ ಬರೆದದ್ದನ್ನು ನೀವೇ ಟೈಪ್ ಮಾಡಿದ್ದು ಅಲ್ವಾ?"

ಮಾಡಿದ್ದೆ. ಕಡಲಬೈಲಿನ ದಡದ ಬಾವಿಗಳು ಕಡು ಬೇಸಗೆಯಲ್ಲೂ ಸಿಹಿಯಾಗಿವೆ, ಆದ್ದರಿಂದ ಸ್ಥಾವರಕ್ಕೆ ಬೇಕಾದ ನೀರಿಗೆ ಅಲ್ಲಿಯೇ ಹನ್ನೆರಡು ದೊಡ್ಡ ಕೊಳವೆ ಬಾವಿ ತೆಗೆಯಲು ಪರವಾನಗಿ ಕೊಡಬಹುದು ಎಂದು ಅದರಲ್ಲಿತ್ತು. ಇಲ್ಲದ ಸಿಹಿನೀರನ್ನು ನಂಬಿ ಹನ್ನೆರಡು ಕೊಳವೆಯಿಂದ ಎಳೆದರೆ ಸಮುದ್ರವೇ ಒಳಗೆ ಬರುತ್ತದೆ ಎಂದು ಲಿಡ್ವಿನ್ ನನಗೆ ಒಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿದಳು. ಆಮೇಲೆ ಮೂಡುಮನೆಯ ಬಾವಿಯೂ ಉಪ್ಪು, ಅದರಾಚೆಯದೂ ಉಪ್ಪು. ಕೊಡ ಹೊತ್ತು ಹೋಗಲಿಕ್ಕೂ ಒಂದು ಬಾವಿ ಉಳಿಯುವುದಿಲ್ಲ.

ಡೊಮಿನಿಕ್ ಸರ್ ಕೆಟ್ಟವರಲ್ಲ. ಅವರಿಗೆ ಮೂರು ಹೆಣ್ಣುಮಕ್ಕಳು, ಮದ್ರಾಸಿನಿಂದ ವಾರಕ್ಕೆರಡು ಟೆಲಿಗ್ರಾಂ. ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸ್ವತಃ ಸೇದಿದ್ದು ಎಂದು ನೀನು ಹನ್ನೊಂದು ತಿಂಗಳು ಸಹಿ ಹಾಕಿದ್ದಿ ಲಿಡ್ವಿನ್. ಈಗ ಸುಳ್ಳು ಅಂದರೆ ಅದು ನಿನ್ನ ತಲೆಗೇ ಬರುತ್ತದೆ. ಮೇ ತಿಂಗಳದ್ದು ಇನ್ನೂ ತೆಗೆದಿಲ್ಲ ಅಲ್ವಾ? ಈ ಸರ್ತಿ ನೀನೇ ಸೇದು. ವ್ಯತ್ಯಾಸ ಕಂಡರೆ ನಾನು ಮದ್ರಾಸಿಗೆ ಬರೆಯುತ್ತೇನೆ. ಮತ್ತೆ ನನ್ನನ್ನು ಬೈಯಬೇಡ."

ಸೇದುವುದೇನೋ ಸೇದಬಹುದು. ಸುಗಂಧಿಯ ಎದುರು ಸೇದುವುದು ಹೇಗೆ? ನೀನು ಸುಳ್ಳು ಹೇಳಿದ್ದಿ ಎಂದು ಅವಳ ಮುಖಕ್ಕೆ ಹೇಳಿದ ಹಾಗೆ ಆಗುತ್ತದೆ. ಹೇಳದೆ ಬಿಟ್ಟರೆ ಊರಿನ ನೀರು ಹೋಗುತ್ತದೆ. ಲಿಡ್ವಿನ್ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವಳ ಡಬ್ಬಿ ತೆರೆಯದೆ ವಾಪಸು ಹೋಗುವುದನ್ನು ನಾನು ನೋಡುತ್ತಿದ್ದೆ. ಕಡೆಗೆ ಅವಳು ಒಂದು ಉಪಾಯ ಮಾಡಿದಳು. ಬೆಳಿಗ್ಗೆ ಹತ್ತು ಗಂಟೆಗೆ ಸುಗಂಧಿ ಕಟ್ಟಿದ ಬೀಡಿ ಕೊಡಲು ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗುತ್ತಾಳೆ, ತಾಯಿಗೆ ಕಣ್ಣು ಅಷ್ಟಕ್ಕಷ್ಟೆ. ಆ ಹೊತ್ತಿಗೆ ಹೋಗಿ, ಸದ್ದಾಗದ ಹಾಗೆ ರಾಟೆಯನ್ನು ಕೈಯಲ್ಲಿ ಹಿಡಿದುಕೊಂಡು, ನೀರು ಸೇದಿ ತಂದಳು. ಸುಗಂಧಿಯ ಮರ್ಯಾದೆ ಉಳಿಸಿದೆ ಎಂದೇ ಅವಳು ತಿಳಿದಿದ್ದಳು.

ಆ ನೀರಿನ ಉಪ್ಪು ಒಂಬೈನೂರ ಹತ್ತು. ಕುಡಿಯುವ ನೀರಿಗೆ ಇನ್ನೂರೈವತ್ತು ಮೀರಬಾರದು. ದಡದ ಇನ್ನೂ ನಾಲ್ಕು ಮನೆಗಳಲ್ಲಿ ಅವಳು ಹಟ ಹಿಡಿದು ಸೇದಿದಾಗ ಅದೇ ಕಥೆ. ಆ ಮನೆಯವರೂ ಒಳ್ಳೆಯ ಬಾವಿ ಹುಡುಕಿ ತಂದಿಟ್ಟು ಅತಿಥಿಸತ್ಕಾರ ಮಾಡಿದ್ದರು.

ಅಂಕಿಗಳನ್ನು ನನ್ನ ಮೇಜಿನ ಮೇಲಿಡುವಾಗ ಲಿಡ್ವಿನ್ ಹೇಳಿದಳು: "ಪಟ್ಟಿಯಲ್ಲಿ ಬಾವಿಯ ನಂಬರ್ ಮಾತ್ರ ಸಾಕು. ಮನೆಯವರ ಹೆಸರು ಎಲ್ಲಿಯೂ ಬೇಡ. ದಯವಿಟ್ಟು. ವಿಠಲನ ಮದುವೆಯ ಮಾತು ಇನ್ನೂ ಗಟ್ಟಿಯಾಗಲಿಲ್ಲ."

"ಆಯಿತು ಮೇಡಂ," ಎಂದೆ. ಮದ್ರಾಸಿಗೆ ಹೋದ ಪ್ರತಿಯಲ್ಲಿ ನಂಬರ್ ಮಾತ್ರ ಹಾಕಿದೆ.

ಹತ್ತು ದಿನ ಕಳೆದು ಮಂಡಲ ಪಂಚಾಯತಿಗೆ ಒಂದು ಪ್ರತಿ ಕಳಿಸಬೇಕಾಯಿತು. ಅವರಿಂದ ಆಕ್ಷೇಪವಿಲ್ಲ ಎಂಬ ಪತ್ರ ಬರಬೇಕಿತ್ತು. ಅವರ ನಮೂನೆಯಲ್ಲಿ 'ಮನೆಯವರ ಹೆಸರು' ಎಂದು ಒಂದು ಕಾಲಂ. ಆವತ್ತು ಲಿಡ್ವಿನ್ ರಜೆ. ನನ್ನ ಕೈಗೆ ಹಳೆಯ ರಿಜಿಸ್ಟರ್ ಸಿಕ್ಕಿತು. ಒಂದರಿಂದ ಶುರುಮಾಡಿ ಸಾಲಾಗಿ ಹೊಡೆಯುತ್ತಾ ಹೋದೆ. ಹದಿನೇಳಕ್ಕೆ ಬಂದಾಗ ಅವಳ ಮಾತು ನೆನಪಾಯಿತು. ಮರೆತಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಮೂರು ಕಾರ್ಬನ್ ಇಟ್ಟ ಹಾಳೆ, ತೆಗೆದರೆ ಮೊದಲಿನಿಂದ ಹೊಡೆಯಬೇಕು. ಪಂಚಾಯತಿಯಲ್ಲಿ ಯಾರು ಓದುತ್ತಾರೆ ಎಂದು ಅಂದುಕೊಂಡೆ. ಹದಿನೇಳು, ಸುಗಂಧಿ, ಕುಡಿಯಲು ಯೋಗ್ಯವಲ್ಲ.

ಆ ಪಂಚಾಯತಿಯ ಕಾರ್ಯದರ್ಶಿ ಜನ್ಮದಲ್ಲಿ ಒಂದು ಕಾಗದವನ್ನು ನೋಟೀಸು ಬೋರ್ಡಿಗೆ ಹಾಕಿದವನಲ್ಲ. ಇದನ್ನು ಮಾತ್ರ ನಾಲ್ಕು ಮೊಳೆ ಹೊಡೆದು ಹಾಕಿದ. ಬೀಡಿ ಬ್ರಾಂಚು ಎದುರಿಗೇ. ವಾರದೊಳಗೆ ಸುದ್ದಿ ಕಾರ್ಕಳ ಮುಟ್ಟಿ, ಹುಡುಗಿಯ ಕಡೆಯವರು ಬೇಡ ಎಂದು ಹೇಳಿ ಕಳಿಸಿದರು.

ಜೂನ್ ಮೊದಲ ವಾರ ಲಿಡ್ವಿನ್ ಬಾಟ್ಲಿಗಳಿಲ್ಲದೆ ಕಡಲಬೈಲಿಗೆ ಹೋದಳು. ಅವಳ ಒಂದು ವರ್ಷದ ಕೆಲಸ ಮುಗಿದಿತ್ತು. ಎಲ್ಲವನ್ನೂ ಕುಳಿತು ಹೇಳಬೇಕು ಎಂದು, ಒಂದು ಡಜನ್ ಬಾಳೆಹಣ್ಣು ಹಿಡಿದುಕೊಂಡು ಹೋಗಿದ್ದಳು. ಗೇಟಿನಲ್ಲೇ ವಿಠಲ ನಿಂತಿದ್ದ.

"ಇನ್ನು ನೀವು ಇಲ್ಲಿಗೆ ಬರುವುದು ಬೇಡ. ಬೋರ್ಡಿನಲ್ಲಿ ಅಕ್ಕನ ಹೆಸರು ಹಾಕಿಸಿ ನಮ್ಮ ಮನೆಯ ಮರ್ಯಾದೆ ತೆಗೆದದ್ದು ಸಾಕು," ಎಂದನಂತೆ.

ಅಡುಗೆಮನೆಯ ಮಾಡಿನಿಂದ ಹೊಗೆ ಏಳುತ್ತಿತ್ತು. ಸುಗಂಧಿ ಒಳಗಿದ್ದಾಳೆ, ಕೇಳಿಸಿಕೊಂಡೂ ಹೊರಗೆ ಬರಲಿಲ್ಲ ಎಂದು ಲಿಡ್ವಿನ್ ತಿಳಿದಳು. ಬಾಳೆಹಣ್ಣಿನ ಪೊಟ್ಟಣದೊಂದಿಗೆ ಹಿಂದಿರುಗಿ, ಮರುದಿನ ಅದನ್ನು ನನ್ನ ಮೇಜಿನ ಮೇಲೆ ಇಟ್ಟು ಕೇಳಿದಳು.

"ಹೆಸರು ಯಾರು ಹಾಕಿದ್ದು ಉಮಾನಾಥರೇ?"

"ಮದ್ರಾಸಿನವರೇ ಹಾಕಬೇಕು ಎಂದು ಹೇಳಿದ್ದರು," ಎಂದೆ.

"ಹಾಗಾ," ಅಂದಳು. ಅಷ್ಟೇ. ಆಫೀಸಿನಲ್ಲಿ ನನ್ನೊಡನೆ ಎಂದಿನಂತೆಯೇ ಮಾತಾಡಿಕೊಂಡಿದ್ದಳು. ಅವಳ ಕಣ್ಣಿನಲ್ಲಿ ನಾನು ಚಿಕ್ಕವನಾಗಬಾರದು ಎಂಬ ಆಸೆಗೆ ನಾನು ಆ ಸುಳ್ಳು ಹೇಳಿದ್ದು. ಎಂಥ ಹೇಡಿ ನಾನು!

ಕೊಳವೆ ಬಾವಿಯ ಮಾತನ್ನು ಮದ್ರಾಸಿನವರು ವರದಿಯಿಂದ ತೆಗೆದರು. ನದಿಯಿಂದ ಪೈಪಿನಲ್ಲಿ ನೀರು ತರಬೇಕು ಎಂದಾಯಿತು. ಆಮೇಲೆ ಆ ಫೈಲು ದಿಲ್ಲಿಯ ಯಾವುದೋ ಮೇಜಿನ ಮೇಲೆ ಮಲಗಿತು. ಎಂಬತ್ತೆಂಟರ ಮಾರ್ಚಿನಲ್ಲಿ ನಮ್ಮ ಆಫೀಸು ಮುಚ್ಚಿತು. ಊರಿನ ನೀರು ಉಳಿಯಿತು, ಉಳಿಸಿದ್ದು ಯಾರು ಎಂದು ಆ ಊರಿನಲ್ಲಿ ಒಬ್ಬನಿಗೂ ಗೊತ್ತಿಲ್ಲ. ಸುಳ್ಳು ಸಹಿ ಹಾಕಿದವಳು ಎಂದು ಲಿಡ್ವಿನಳಿಗೆ ಕಂಪೆನಿ ಅನುಭವದ ಪತ್ರವನ್ನೂ ಕೊಡಲಿಲ್ಲ. ಅವಳು ಪರ್ಕಳದ ಕೋಣೆ ಬಿಟ್ಟು, ಕಾರ್ಕಳದ ಒಂದು ಸಣ್ಣ ಆಸ್ಪತ್ರೆಯಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದಳು. ನಾನು ಬನ್ನಂಜೆಯಲ್ಲಿ ಒಬ್ಬ ವಕೀಲರ ಬಳಿ ಟೈಪಿಗೆ ಕುಳಿತೆ.

ಮುಂದಿನ ವರ್ಷ ಏಪ್ರಿಲಿನಲ್ಲಿ ಒಬ್ಬ ಯುವಕ ಪಾಸ್‌ಪೋರ್ಟಿಗೆ ಅಫಿದಾವಿತು ಮಾಡಿಸಲು ಬಂದ. ವಿಳಾಸ ಹೊಡೆಯುವಾಗ ಅವನು ಯಾರೆಂದು ನನಗೆ ಗೊತ್ತಾಯಿತು. ಕಡಲಬೈಲಿನ ವಿಠಲ. ನಾನು ಹಳೆಯ ಆಫೀಸಿನ ಹೆಸರು ಎತ್ತಿದಾಗ ಅವನು ತಲೆ ತಗ್ಗಿಸಿದ.

"ಆ ಬಾಯಮ್ಮ ಈಗ ಎಲ್ಲಿದ್ದಾರೆ?" ಎಂದು ಕೇಳಿದ. "ಅವರನ್ನು ಗೇಟಿನಿಂದ ಕಳಿಸಿದ್ದಕ್ಕೆ ಅಕ್ಕ ನನ್ನೊಡನೆ ಆರು ತಿಂಗಳು ಮಾತು ಬಿಟ್ಟಿದ್ದಳು."

ಆ ಭಾನುವಾರ ನಾನು ಕಡಲಬೈಲಿಗೆ ಹೋದೆ. ಸುಗಂಧಿಯನ್ನು ನಾನು ನೋಡಿದ್ದು ಅದೇ ಮೊದಲು. ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದಳು. ನಾನು ಯಾರೆಂದು ಹೇಳಿದರೂ ಕೈ ನಿಲ್ಲಿಸಲಿಲ್ಲ.

"ಕೋಪ ಬಂದದ್ದು ಹೌದು," ಎಂದಳು. "ಸಂಬಂಧ ತಪ್ಪಿತು ಅಂತಲ್ಲ. ಅದು ನನ್ನದೇ ಸುಳ್ಳು, ಇವತ್ತಲ್ಲ ನಾಳೆ ಗೊತ್ತಾಗುತ್ತಿತ್ತು. ನಾನು ಇಲ್ಲದಾಗ ಬಂದು ಕಳ್ಳಿಯ ಹಾಗೆ ಎಳೆದುಕೊಂಡು ಹೋದಳಲ್ಲ, ಅದಕ್ಕೆ. 'ಅಕ್ಕ, ನಿನ್ನ ಬಾವಿಯ ನೀರೇ ಬೇಕು' ಅಂತ ಅವಳು ಅಂದಿದ್ದರೆ ನಾನೇ ಎಳೆದು ಕೊಡುತ್ತಿರಲಿಲ್ಲವಾ? ಎರಡು ದಿನ ಬೈದೆ, ಆಮೇಲೆ ಸಿಟ್ಟು ಇಳಿಯಿತು. ಅವಳು ಬಂದ ದಿನ ನಾನು ಬ್ರಾಂಚಿನಲ್ಲಿದ್ದೆ. ಒಲೆ ಹೊತ್ತಿಸಿದ್ದು ಅಮ್ಮ. ಅವಳು ಬಂದದ್ದನ್ನು ಈ ವಿಠಲ ದೀಪಾವಳಿಯವರೆಗೆ ಬಾಯಿ ಬಿಡಲಿಲ್ಲ."

"ನೀವು ಕಾದಿರಾ?"

"ಮಳೆಗಾಲ ಪೂರ್ತಿ. ತಿಂಗಳ ಮೊದಲ ವಾರ ಅಂದರೆ ನಾಲ್ಕು ಗಂಟೆಗೆ ಗೇಟಿನ ಕಡೆ ಕಣ್ಣು. ಒಮ್ಮೆ ಪರ್ಕಳದವರೆಗೆ ಹೋದೆ. ಯಾವ ಮನೆ, ಯಾವ ಆಫೀಸು ಅಂತ ಕೇಳುವುದು? ಅವಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕೂತು ವಾಪಸು ಬಂದೆ."

"ಬೋರ್ಡಿನಲ್ಲಿ ನಿಮ್ಮ ಹೆಸರು ಹಾಕಿದ್ದು ನಾನು," ಎಂದೆ. "ಬೇಡ ಎಂದು ಅವಳು ಕೇಳಿಕೊಂಡಿದ್ದಳು."

ಸುಗಂಧಿ ಮೊದಲ ಬಾರಿ ತಲೆಯೆತ್ತಿ ನನ್ನನ್ನು ನೋಡಿದಳು. "ನೀವಾ?" ಎಂದು ಕೇಳಿ, ಮತ್ತೆ ಬೀಡಿಗೆ ನೂಲು ಸುತ್ತಿದಳು.

ಮರುದಿನ ವಕೀಲರಿಗೆ ಜ್ವರ ಎಂದು ಸುಳ್ಳು ಹೇಳಿ ಕಾರ್ಕಳದ ಬಸ್ಸು ಹತ್ತಿದೆ. ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಲಿಡ್ವಿನ್ ಒಬ್ಬಳೇ ಇದ್ದಳು. ಕೂದಲು ಎದುರಿನಿಂದ ಬೆಳ್ಳಗಾಗಿತ್ತು. ನಾನು ಸುಗಂಧಿಯ ಮಾತುಗಳನ್ನು ಒಂದೂ ಬಿಡದೆ ಹೇಳಿದೆ. ಅವಳು ಸ್ಟೂಲಿನ ಮೇಲೆ ಕುಳಿತು ಕೇಳಿದಳು.

"ಮಳೆಗಾಲ ಪೂರ್ತಿಯಾ?" ಅಂದಳು. "ಆ ಮಳೆಗಾಲ ನಾನು ಹತ್ತು ಸರ್ತಿಯಾದರೂ ಕಾಪುವಿನಲ್ಲಿ ಬಸ್ಸು ಇಳಿದಿದ್ದೇನೆ. ಕಡಲಬೈಲಿನ ತಿರುವಿನವರೆಗೆ ನಡೆದು ವಾಪಸು ಬಂದಿದ್ದೇನೆ."

ಆಗ ಅವಳು ಅತ್ತಳು. ನಾನು ಕಿಟಕಿಯ ಕಡೆ ನೋಡುತ್ತಾ, ಹೆಸರು ಹಾಕಿದ್ದು ನಾನೇ ಎಂದು ಹೇಳಿದೆ.

"ಗೊತ್ತುಂಟು," ಅಂದಳು. "ಮದ್ರಾಸಿಗೆ ಹೋದ ಪ್ರತಿಯಲ್ಲಿ ಹೆಸರು ಇರಲಿಲ್ಲ. ನಾನು ನೋಡಿದ್ದೆ."

"ಮತ್ತೆ ನನ್ನನ್ನು ಯಾಕೆ ಬೈಯಲಿಲ್ಲ?"

"ಆ ಮನೆ ಹೋಗಿತ್ತು. ನಿಮ್ಮೊಡನೆಯೂ ಮಾತು ಬಿಟ್ಟರೆ ಮತ್ತೆ ನನಗೆ ಮಾತಿಗೆ ಯಾರಿದ್ದರು ಉಮಾನಾಥರೇ?"

ನಾನೂ ಜೊತೆಗೆ ಬರುತ್ತೇನೆ ಎಂದೆ. ಬೇಡ ಅಂದಳು. ಮುಂದಿನ ಭಾನುವಾರ ಒಬ್ಬಳೇ ಕಡಲಬೈಲಿಗೆ ಹೋದಳು. ಎಲ್ಲ ಸರಿಯಾಯಿತು ಎಂದು ತಿಳಿದು ನಾನು ಆ ವಾರ ಪೂರ್ತಿ ಸಂತೋಷದಲ್ಲಿದ್ದೆ. ತಿಂಗಳು ಕಳೆದು ಮತ್ತೆ ಕಾರ್ಕಳಕ್ಕೆ ಹೋದಾಗ ಹೇಗಾಯಿತು ಎಂದು ಕೇಳಿದೆ.

"ತುಂಬ ಚೆನ್ನಾಗಿ ನೋಡಿಕೊಂಡರು," ಅಂದಳು ಲಿಡ್ವಿನ್. "ಜಗಲಿಯಲ್ಲಿ ಕುರ್ಚಿ ಹಾಕಿದರು. ಅಂಗಡಿಯಿಂದ ಬಿಸ್ಕೂಟು ತರಿಸಿದರು. ನಾನು ಒಳಗೆ ಹೋಗಲಿಕ್ಕೆ ಎದ್ದೆ. 'ಅಲ್ಲಿ ಹೊಗೆ ಉಂಟು, ನೀವು ಇಲ್ಲೇ ಕೂತುಕೊಳ್ಳಿ ಬಾಯಮ್ಮ' ಅಂದರು ಸುಗಂಧಿಯಕ್ಕ."

ಅವಳು ಗಾಜಿನ ಪಟ್ಟಿಯೊಂದನ್ನು ತೊಳೆದು ಒರೆಸಿ ಇಟ್ಟಳು. ಇನ್ನೊಮ್ಮೆ ಹೋಗುವುದಿಲ್ಲವೇ ಎಂದು ಕೇಳಿದೆ.

"ಇಲ್ಲ ಉಮಾನಾಥರೇ," ಅಂದಳು. "ಪಾಪ, ಅವರಿಗೆ ಸುಮ್ಮನೆ ತೊಂದರೆ."